‘ಚಿತ್ರಗಾರ’ ಎಂಬ ಪದ: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ. ಕೊಪ್ಪಳ ತಾಲ್ಲೂಕಿನ ಕಿನ್ನಾಳದಲ್ಲಿ ಮರದ ಮೂರ್ತಿಗಳನ್ನು ಮಾಡುವ ಚಿತ್ರಗಾರರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಅಚ್ಚಿಗೆ ಹಾಕಲಾರೆ.

ಪದದ ಕೊನೆಯ ‘ಗಾರ’ ಪಾರ್ಸಿ ಭಾಷೆಯಿಂದ ಬಂತು ಎಂದು ಮೊದಲ ಪುಟದಲ್ಲೇ ಬರೆದಿದ್ದೀರಿ. ‘ಜಾದೂಗಾರ’ ಎಂಬ ಪದ ನಿಮ್ಮನ್ನು ದಾರಿ ತಪ್ಪಿಸಿರಬೇಕು. ಅಲ್ಲಿರುವುದು ಪಾರ್ಸಿಯ ‘ಗರ್’. ಕನ್ನಡಕ್ಕೆ ಬಂದು ನಮ್ಮ ‘ಗಾರ’ದ ಸಾಲಿನಲ್ಲಿ ಕೂತಿತು. ನಮ್ಮದು ಸಂಸ್ಕೃತದ ‘ಕಾರ’ದ ತದ್ಭವ: ಮಾಲೆಗಾರ, ಬಳೆಗಾರ; ಹೆಣ್ಣಾದರೆ ಬಳೆಗಾರ್ತಿ.

‘ಚಿತ್ರಗಾರ ಎಂದರೆ ಭಾವಚಿತ್ರ ಬರೆಯುವವನು’ ಎಂಬ ಸಾಲು ಇನ್ನೂ ತೊಡಕಿನದು. ‘ಚಿತ್ರ’ದ ಹಳೆಯ ಅರ್ಥ ಹೊಳೆಯುವುದು, ಬಗೆಬಗೆಯ ಬಣ್ಣದ್ದು. ಚಿತ್ರಾನ್ನದಲ್ಲಿ ಯಾರ ಮುಖವೂ ಇಲ್ಲವಲ್ಲ! ಶಿಲ್ಪಶಾಸ್ತ್ರದಲ್ಲಂತೂ ಎಲ್ಲ ಬದಿಯೂ ಕಾಣುವ ಪೂರ್ಣ ಮೂರ್ತಿಯೇ ‘ಚಿತ್ರ’, ಉಬ್ಬುಶಿಲ್ಪ ‘ಅರ್ಧಚಿತ್ರ’, ಬಣ್ಣದಲ್ಲಿ ಬರೆದದ್ದು ‘ಚಿತ್ರಾಭಾಸ’. ಕಿನ್ನಾಳದವರು ಮರ ಕೆತ್ತಿಯೂ ಚಿತ್ರಗಾರರೇ ಆಗಿರುವುದು ಈ ಅರ್ಥಕ್ಕೆ ಸರಿಯಾಗಿ ಹೊಂದುತ್ತದೆ. ನಿಮ್ಮ ಲೇಖನದ ತಿರುಳು ಇದಾಗಬೇಕಿತ್ತು. ಕನ್ನಡಿಯಲ್ಲಿ ಕಂಡಂತೆ ಹೋಲಿಕೆ ಹಿಡಿದು ಬರೆದ ಚಿತ್ರಕ್ಕೆ ಬೇರೆ ಹೆಸರೇ ಇದೆ: ‘ವಿದ್ಧಚಿತ್ರ’. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಹೇಳಿದ್ದು. ಕಿನ್ನಾಳದ ಮರದ ಗರುಡ ಯಾರನ್ನೂ ಹೋಲಬೇಕಿಲ್ಲ.

ಮೂರನೇ ಪುಟದಲ್ಲಿ ‘ಮರ ಕೆತ್ತಿ ಬಣ್ಣ ಹಚ್ಚುತ್ತಾರೆ’ ಎಂದು ಒಂದೇ ಉಸಿರಿಗೆ ಮುಗಿಸಿದ್ದೀರಿ. ನಡುವಿನ ಕೆಲಸ ಎಲ್ಲಿ? ಹಗುರವಾದ ಪೊಳಕಿ ಮರದ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ಗೋಣಿಯ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಅದೇ ಅಂಟು ಸೇರಿಸಿ ಕಲಸಿದ್ದು ‘ಕಿಟ್ಟ’. ಅದನ್ನು ಕೈಯಿಂದ ಮೈತುಂಬ ಮೆತ್ತಿ, ಮೇಲೆ ಬಟ್ಟೆಯ ಚೂರು ಅಂಟಿಸಿ, ಕಲ್ಲುಪುಡಿಯ ಲೇಪ ಕೊಟ್ಟ ಮೇಲೆಯೇ ಬಣ್ಣ. ಇದನ್ನು ಬಿಟ್ಟರೆ ಜೋಡಣೆಯ ಸಂದು ಎದ್ದು ಕಾಣುತ್ತದೆ, ಬಣ್ಣ ಅಲ್ಲೇ ಬಿರಿಯುತ್ತದೆ.

ಮೊದಲ ಎರಡು ಪ್ಯಾರಾ ತೆಗೆಯಿರಿ. ಹಂಪಿಯ ವೈಭವ ನಮ್ಮ ಓದುಗರಿಗೆ ಗೊತ್ತಿದೆ. ಕಿಟ್ಟದಿಂದಲೇ ಶುರು ಮಾಡಿ, ಅಲ್ಲಿಂದ ಪದಕ್ಕೆ ಬನ್ನಿ. ಊರಿನ ಹೆಸರು ಒಂದು ಕಡೆ ಕಿನ್ನಾಳ, ಇನ್ನೊಂದು ಕಡೆ ಕಿನ್ಹಾಳ ಎಂದಿದೆ. ಯಾವುದಾದರೂ ಒಂದನ್ನು ಉಳಿಸಿಕೊಂಡು ಕಳಿಸಿ.