ಪ್ರಶ್ನೋತ್ತರ: ಹಳೆ ವೇರ್‌ಹೌಸ್, ಹೊಸ ಜಿಲ್ಲೆ

ಪ್ರಶ್ನೆ: ನಮ್ಮ ದಾಲ್ ಮಿಲ್‌ಗಳ ಡೇಟಾ ವೇರ್‌ಹೌಸ್‌ನಲ್ಲಿ (ವರದಿಗಾಗಿ ಲೆಕ್ಕವನ್ನೆಲ್ಲ ಒಟ್ಟುಗೂಡಿಸಿಡುವ ಡೇಟಾಬೇಸ್) 2006ರಿಂದಿನ ಮಾರಾಟದ ಲೆಕ್ಕವಿದೆ. ಜಿಲ್ಲಾವಾರು ವರದಿಯಲ್ಲಿ ಗುಲ್ಬರ್ಗಾ, ಕಲಬುರಗಿ ಬೇರೆ ಬೇರೆ ಸಾಲಾಗಿ ಬರುತ್ತವೆ. ಸುರಪುರ, ಶಹಾಪುರಗಳ ಇಂದಿನ ಮಾರಾಟವೂ ಗುಲ್ಬರ್ಗಾಕ್ಕೇ ಸೇರುತ್ತಿದೆ. ಒಂದೇ ಅಪ್‌ಡೇಟ್‌ನಲ್ಲಿ ಸರಿಮಾಡಬಹುದೇ?
– ಓದುಗರು, ಕಲಬುರಗಿ

ಉತ್ತರ: ಬೇಡ. ಇಲ್ಲಿರುವುದು ಎರಡು ಬೇರೆ ತೊಡಕು. 2014ರ ನವೆಂಬರ್ 1ರಂದು ಬದಲಾದದ್ದು ಹೆಸರು ಮಾತ್ರ, ಅದನ್ನು ತಿದ್ದಿ ಬರೆದರೆ ಸಾಕು. ಆದರೆ ಎರಡೂ ಹೆಸರಿಗೆ ಬೇರೆ ಬೇರೆ ಕೀ (ಸಾಲನ್ನು ಗುರುತಿಸುವ ಸಂಖ್ಯೆ) ಇದ್ದರೆ ಮೊದಲು ಫ್ಯಾಕ್ಟ್ ಟೇಬಲ್‌ನ, ಅಂದರೆ ಮಾರಾಟದ ಬಿಲ್‌ಗಳಿರುವ ಟೇಬಲ್‌ನ, ಸಾಲುಗಳನ್ನೆಲ್ಲ ಒಂದೇ ಕೀಗೆ ತಿರುಗಿಸಿ. ಇಲ್ಲವಾದರೆ ಒಂದೇ ಹೆಸರು ಎರಡು ಸಲ ಕಾಣುತ್ತದೆ. ಗುಲಬರ್ಗಾ, ಕಲಬುರ್ಗಿ ಎಂಬ ಕಾಗುಣಿತಗಳನ್ನೆಲ್ಲ ಒಂದು ಜಿಲ್ಲಾ ಕೋಡ್‌ಗೆ ಹೊಂದಿಸುವ ಪುಟ್ಟ ಟೇಬಲ್ ಇಟ್ಟುಕೊಳ್ಳಿ.

ಯಾದಗಿರಿಯ ಕತೆ ಬೇರೆ. 2009ರ ಡಿಸೆಂಬರ್ 30ರಂದು ಅದು ಗುಲ್ಬರ್ಗಾದಿಂದ ಪ್ರತ್ಯೇಕ ಜಿಲ್ಲೆಯಾಯಿತು, ಸುರಪುರ, ಶಹಾಪುರ ಅದಕ್ಕೆ ಸೇರಿದವು. ತಿದ್ದಿ ಬರೆದರೆ 2008ರ ಸುರಪುರದ ಮಾರಾಟವೂ ಯಾದಗಿರಿ ಜಿಲ್ಲೆಯದಾಗಿ, ಆಗ ಸಹಿಯಾದ ಲೆಕ್ಕಕ್ಕೆ ತಾಳೆಯಾಗದು. ಜಿಲ್ಲೆ ಬದಲಾದ ಪ್ರತಿ ತಾಲ್ಲೂಕಿಗೆ ತಾಲ್ಲೂಕು ಟೇಬಲ್‌ನಲ್ಲಿ ಎರಡು ಸಾಲು ಬೇಕು: ಹಳೆಯದರ ಮುಕ್ತಾಯ 30-12-2009, ಹೊಸದರ ಆರಂಭವೂ ಅದೇ ದಿನ, ಮುಕ್ತಾಯ 31-12-9999 (ಅಂದರೆ ಇನ್ನೂ ಜಾರಿಯಲ್ಲಿದೆ). ಜೋಡಿಸುವಾಗ ಬಿಲ್ ದಿನಾಂಕ ಆರಂಭಕ್ಕೆ ಸಮ ಅಥವಾ ನಂತರ, ಮುಕ್ತಾಯಕ್ಕಿಂತ ಮೊದಲು ಎಂಬ ಷರತ್ತಿರಲಿ. ಎರಡೂ ತುದಿಯ ದಿನಗಳನ್ನು ಸೇರಿಸಿಕೊಳ್ಳುವ ‘ಬಿಟ್ವೀನ್’ ಬಳಸಿದರೆ ಆ ಒಂದು ದಿನದ ಬಿಲ್‌ಗಳು ಎರಡು ಸಲ ಎಣಿಕೆಯಾಗುತ್ತವೆ. ನಂತರ ಆ ತಾಲ್ಲೂಕುಗಳ, ಆ ದಿನದಿಂದ ಈಚಿನ ಫ್ಯಾಕ್ಟ್ ಸಾಲುಗಳಿಗೆ ಹೊಸ ಕೀ ಕೊಡಿ. ಕೆಲಸಕ್ಕೆ ಮುಂಚೆ ಮತ್ತು ಆಮೇಲೆ ಸಾಲುಗಳ ಸಂಖ್ಯೆ, ಒಟ್ಟು ಕ್ವಿಂಟಲ್, ಒಟ್ಟು ರೂಪಾಯಿ ಮೂರೂ ಒಂದೇ ಇರಬೇಕು. ಐದು ವರ್ಷದ ಹೋಲಿಕೆ ಕೇಳುವ ಮಾಲೀಕರಿಗೆ ‘ಇಂದಿನ ಜಿಲ್ಲೆ’ ಎಂಬ ಇನ್ನೊಂದು ಕಾಲಂ ಕೊಟ್ಟುಬಿಡಿ, ತಕರಾರು ಅರ್ಧ ತಗ್ಗುತ್ತದೆ.

ಪ್ರಶ್ನೆ: ರಾತ್ರಿ 11ಕ್ಕೆ ಶುರುವಾದ ಲೋಡ್ (ವೇರ್‌ಹೌಸ್‌ಗೆ ಬಿಲ್‌ಗಳನ್ನು ತುಂಬುವ ಕೆಲಸ) ಬೆಳಿಗ್ಗೆ 9 ಆದರೂ ಮುಗಿಯದು. ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ ಎಸ್‌ಕ್ಯೂಎಲ್ ಸರ್ವರ್ 2014 ಇದೆ. ಹೊಸ ಯಂತ್ರ ಕೊಳ್ಳಬೇಕೇ?
– ಓದುಗರು, ಬೀದರ್

ಉತ್ತರ: ಆ ಆವೃತ್ತಿಗೆ ವಿಸ್ತರಿತ ಬೆಂಬಲ 2024ರ ಜುಲೈ 9ಕ್ಕೇ ನಿಂತಿದೆ. ಸುರಕ್ಷತೆಯ ಕಾರಣಕ್ಕೆ ಮೇಲಿನ ಆವೃತ್ತಿಗೆ ಹೋಗಲೇಬೇಕು, ಆದರೆ ವೇಗ ಬರುತ್ತದೆಂದು ನಂಬಿ ಯಂತ್ರ ಕೊಳ್ಳಬೇಡಿ. ಮೊದಲು ಪ್ರತಿ ಹಂತದ ಆರಂಭ, ಮುಕ್ತಾಯ, ಓದಿದ ಮತ್ತು ಬರೆದ ಸಾಲುಗಳನ್ನು ಎರಡು ವಾರ ದಾಖಲಿಸಿ. ಇಂಥ ಹಳೆ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ಸಿಗುವ ಕಳ್ಳ ಒಬ್ಬನೇ: ಇಡೀ ಫ್ಯಾಕ್ಟ್ ಟೇಬಲ್ ಅಳಿಸಿ ದಿನವೂ ಪೂರ್ತಿ ತುಂಬುವ ಹಂತ. ಅದರ ಬದಲು ಕೊನೆಯ ಲೋಡ್‌ನಿಂದ ಮೂರು ದಿನ ಹಿಂದೆ ಹೋಗಿ, ಅಲ್ಲಿಂದೀಚೆಗೆ ಸೇರಿದ, ತಿದ್ದಿದ ಬಿಲ್‌ಗಳನ್ನಷ್ಟೇ ಬಿಲ್ ಸಂಖ್ಯೆಯ ಪ್ರಕಾರ ಅಳಿಸಿ ಮತ್ತೆ ತುಂಬಿ. ತಡವಾಗಿ ಬಂದ ಬಿಲ್‌ಗಳೂ ಸಿಗುತ್ತವೆ. ‘ಕೊನೆಯ ಲೋಡ್’ ಸಮಯವನ್ನು ಲೋಡ್ ಯಶಸ್ವಿಯಾದ ಮೇಲೇ ಮುಂದಕ್ಕೆ ಸರಿಸಿ, ಇಲ್ಲದಿದ್ದರೆ ವಿಫಲ ರಾತ್ರಿಯ ಸಾಲುಗಳು ಸದ್ದಿಲ್ಲದೆ ಮಾಯ. ಮೂಲದಲ್ಲಿ ಅಳಿಸಿಹೋದ ಬಿಲ್ ಈ ವಿಧಾನಕ್ಕೆ ಕಾಣದು. ವಾರಕ್ಕೊಮ್ಮೆ ತಿಂಗಳವಾರು ಮೊತ್ತ ತಾಳೆ ನೋಡಿ. ಕಾಲಂಸ್ಟೋರ್ ಇಂಡೆಕ್ಸ್ (ದತ್ತಾಂಶವನ್ನು ಕಾಲಂವಾರು ಸಂಕುಚಿಸಿ ಇಡುವ ವಿಧಾನ) ಇದ್ದರೆ ಒಂದು ಕಂತಿನಲ್ಲಿ ಕನಿಷ್ಠ 1,02,400 ಸಾಲು ತುಂಬಿ. ಅದಕ್ಕಿಂತ ಕಡಿಮೆಯಾದರೆ ಸಾಲುಗಳು ಸಂಕುಚಿತವಾಗದೆ ಡೆಲ್ಟಾಸ್ಟೋರ್ ಎಂಬ ತಾತ್ಕಾಲಿಕ ಜಾಗದಲ್ಲೇ ಕೂರುತ್ತವೆ.

ಪ್ರಶ್ನೆ: ಎಸ್‌ಕ್ಯೂಎಲ್ ಸರ್ವರ್‌ನ ವರದಿ ತಂತ್ರಾಂಶ ರಿಪೋರ್ಟಿಂಗ್ ಸರ್ವೀಸಸ್‌ನಲ್ಲಿ ಇನ್ನೂರು ವರದಿಗಳಿವೆ. ಯಾವುದನ್ನು ತೆಗೆಯಲಿ?
– ಓದುಗರು, ಯಾದಗಿರಿ

ಉತ್ತರ: ಯಾವ ವರದಿಯನ್ನು ಯಾರು, ಯಾವಾಗ ಓಡಿಸಿದರೆಂದು ತೋರಿಸುವ ‘ಎಕ್ಸಿಕ್ಯೂಶನ್‌ಲಾಗ್3’ ವ್ಯೂ ನೋಡಿ. ಅದು ಸಹಜವಾಗಿ 60 ದಿನದ ದಾಖಲೆಯನ್ನಷ್ಟೇ ಇಡುತ್ತದೆ. ವರ್ಷಾಂತ್ಯದ ವರದಿಗಳು ಸತ್ತಂತೆ ಕಾಣುತ್ತವೆ. ಮೊದಲು ಮಿತಿಯನ್ನು 400 ದಿನಕ್ಕೆ ಏರಿಸಿ. ಚಂದಾ (ನಿಗದಿತ ಸಮಯಕ್ಕೆ ತಾನಾಗಿ ವರದಿ ಕಳಿಸುವ ವ್ಯವಸ್ಥೆ) ಮೂಲಕ ಓಡಿದ್ದು ಬಳಕೆಯಲ್ಲ, ಯಾರೂ ತೆರೆಯದ ಮೇಲ್‌ಗೆ ಹೋಗುತ್ತಿರಬಹುದು. ಅಳಿಸುವ ಮುನ್ನ ಮೂರು ತಿಂಗಳು ಮರೆಮಾಡಿ ಇಡಿ, ವರದಿಯ ವಿನ್ಯಾಸವಿರುವ ಆರ್‌ಡಿಎಲ್ ಫೈಲ್ ಪ್ರತಿ ತೆಗೆದಿಟ್ಟುಕೊಳ್ಳಿ.