ಒಡೆದ ಬಣ್ಣದ ವೇಷದ ಬಗ್ಗೆ

ಪೆರ್ಲದ ಅಕ್ಕಾ, ನೀವು ಮಣ್ಣಿನಲ್ಲಿ ಮಾಡಿದ ಒಂದೂವರೆ ಅಡಿಯ ಬಣ್ಣದ ವೇಷ, ಅಂದರೆ ಯಕ್ಷಗಾನದ ರಕ್ಕಸನ ಬೊಂಬೆ, ವಿದ್ಯುತ್ ಆವೆಯಲ್ಲಿ ಸಿಡಿದು, ತಲೆ ಚೂರಾಗಿ, ಕಾಲು ಬಿರಿದ ಫೋಟೋ ನೋಡಿ ಸಂಕಟವಾಯಿತು. ಮಣ್ಣಿನೊಳಗೆ ಗಾಳಿ ಸಿಕ್ಕಿಕೊಂಡಿತ್ತೇ ಎಂದು ಕೇಳಿದ್ದೀರಿ. ಗಾಳಿಯಲ್ಲ, ನೀರು. ತಲೆ ಗಟ್ಟಿ ಮುದ್ದೆಯಾಗಿತ್ತು, ನೀವು ಎರಡೇ ಗಂಟೆಯಲ್ಲಿ 300 ಡಿಗ್ರಿಗೆ ಏರಿಸಿದಿರಿ. ಒಳಗಿನ ತೇವ ಆವಿಯಾಗಿ, ದಾರಿ ಕಾಣದೆ ಮಣ್ಣನ್ನೇ ಸೀಳಿತು. ಕಾಲು ಬಿರಿದದ್ದು ಒಳಗಿಟ್ಟ ಕಬ್ಬಿಣದ ಸರಿಗೆಯಿಂದ. ಒಣಗುವಾಗ ಮಣ್ಣು ಕುಗ್ಗುತ್ತದೆ, ಸರಿಗೆ ಕುಗ್ಗುವುದಿಲ್ಲ. ಆಸರೆ ಬೇಕಿದ್ದರೆ ಅದೇ ಮಣ್ಣಿನ ಕಂಬವನ್ನು ಹೊರಗಿನಿಂದ ಕೊಡಿ.

ಮುಂದಿನ ಸಲ ಒಡೆದ ಹೆಂಚನ್ನು ಕುಟ್ಟಿ, ಜರಡಿ ಹಿಡಿದು, ಐದರಲ್ಲಿ ಒಂದು ಪಾಲು ಬೆರೆಸಿ. ಒಮ್ಮೆ ಸುಟ್ಟ ಪುಡಿ ಮತ್ತೆ ಕುಗ್ಗುವುದಿಲ್ಲ, ಆವಿಗೂ ದಾರಿ ಬಿಡುತ್ತದೆ.

ತಲೆಯನ್ನು ಇಡಿಯಾಗಿಯೇ ತಿದ್ದಿ. ಮಣ್ಣು ತೊಗಲಿನಂತೆ ಬಿಗಿದಾಗ ಕಿವಿಯ ಹಿಂದಿನಿಂದ ನೈಲಾನ್ ದಾರದಲ್ಲಿ ಕೊಯ್ದು, ಬಾಗಿಸಿದ ಸರಿಗೆಯಿಂದ ಒಳಗನ್ನು ಕೆರೆಯಿರಿ. ಬೆರಳಿನ ದಪ್ಪ ಉಳಿದರೆ ಸಾಕು. ಮೂಗಿನ ಹಿಂದೆ, ಗಲ್ಲದ ಹಿಂದೆ ಮಣ್ಣು ಅಡಗಿ ಕುಳಿತಿರುತ್ತದೆ, ಅಲ್ಲಿ ಬೆರಳಾಡಿಸಿ ನೋಡಿ. ಆಮೇಲೆ ಅಂಚುಗಳನ್ನು ಗೀರಿ, ಅದೇ ಮಣ್ಣಿನ ರಾಡಿ ಸವರಿ, ಒತ್ತಿ ಕೂಡಿಸಿ. ತಲೆಯ ಪೊಳ್ಳು ಕೊರಳಿನ ಮೂಲಕ ಪೀಠದ ತಳದವರೆಗೂ ತೆರೆದಿರಬೇಕು. ಕಿರೀಟವನ್ನು ಬೇರೆಯೇ ಮಾಡಿ, ಬೇರೆಯೇ ಸುಡಿ. ಹಸಿ ಕೊರಳು ಅಷ್ಟು ಭಾರ ಹೊರಲಾರದು. ತಮಿಳುನಾಡಿನ ಅಯ್ಯನಾರ್ ಗುಡಿಗಳ ಆಳೆತ್ತರದ ಮಣ್ಣಿನ ಕುದುರೆಗಳೂ ಒಳಗೆ ಪೊಳ್ಳೇ.

ಒಣಗಿಸುವುದರಲ್ಲಿ ಮಾತ್ರ ಅವಸರ ಬೇಡ. ನಮ್ಮ ಕಾಸರಗೋಡಿನ ಆಟಿ ತಿಂಗಳ ಮಳೆಯಲ್ಲಿ ಹಪ್ಪಳವೇ ಒಣಗುವುದಿಲ್ಲ. ಮೊದಲ ವಾರ ಪ್ಲಾಸ್ಟಿಕ್ ಹೊದಿಸಿ, ಬೆರಳು, ಕಿವಿಗಳಿಗೆ ಒದ್ದೆ ಬಟ್ಟೆ ಸುತ್ತಿ. ತೆಳುಭಾಗ ಮೊದಲು ಒಣಗಿದರೆ ಬೆಸುಗೆ ಬಿಡುತ್ತದೆ. ಆಮೇಲೆ ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ ಏರಿಸಿ. ಕೆನ್ನೆಗೆ ತಾಗಿಸಿದಾಗ ತಣ್ಣಗಿದ್ದರೆ ಇನ್ನೂ ಹಸಿಯಿದೆ ಎಂದರ್ಥ. ನಾನು ಅಡಕೆ ತೂಗುವ ತಕ್ಕಡಿಯಲ್ಲಿಟ್ಟೂ ನೋಡುತ್ತೇನೆ, ಮೂರು ದಿನ ತೂಕ ಇಳಿಯದಿದ್ದರೆ ಆವೆಗೆ.

ಹಾಗಿದ್ದರೂ ಮಳೆಗಾಲದ ತೇವ ಮಣ್ಣಿನಲ್ಲಿ ಇದ್ದೇ ಇರುತ್ತದೆ. ರಾತ್ರಿಯಿಡೀ 90 ಡಿಗ್ರಿಯಲ್ಲಿ ನಿಲ್ಲಿಸಿ, ಮುಚ್ಚಳ ಸ್ವಲ್ಪ ತೆರೆದಿರಲಿ. ಬೆಳಿಗ್ಗೆ ಮುಚ್ಚಳದ ಸಂದಿಗೆ ಕನ್ನಡಿ ಹಿಡಿಯಿರಿ. ಮಂಜು ಕಟ್ಟದಿದ್ದರೆ ಮಾತ್ರ ನಿಧಾನವಾಗಿ ಏರಿಸಿ. 550ರಿಂದ 600ರ ನಡುವೆ ಇನ್ನೂ ನಿಧಾನ. ಮಣ್ಣಿನಲ್ಲಿರುವ ಬೆಣಚು 573 ಡಿಗ್ರಿಯಲ್ಲಿ ಥಟ್ಟನೆ ಹಿಗ್ಗುತ್ತದೆ, ಆರುವಾಗ ಅಲ್ಲಿಯೇ ಕುಗ್ಗುತ್ತದೆ. ಆದ್ದರಿಂದ ಬಿಸಿಯಿರುವಾಗ ಮುಚ್ಚಳ ಎತ್ತಬೇಡಿ.

ಕೊನೆಯವರೆಗೂ ಸುಟ್ಟಿದ್ದೀರಲ್ಲ, ಚೂರುಗಳನ್ನು ಎಸೆಯಬೇಡಿ, ಹೆಂಚಿನ ಪುಡಿಯ ಬದಲು ಅವೇ ಆಗುತ್ತವೆ. ಎಡಗಣ್ಣಿನ ಚೂರನ್ನು ಮಾತ್ರ ಕುಟ್ಟದೆ ಎತ್ತಿಡಿ. ಆ ರೆಪ್ಪೆಯ ಗೆರೆ ಬಹಳ ಚೆನ್ನಾಗಿ ಬಂದಿದೆ, ಮುಂದಿನ ವೇಷಕ್ಕೆ ನೋಡಿಕೊಳ್ಳಲು ಬೇಕಾಗುತ್ತದೆ.