ಗೇಮ್ ಆಡುವ ಕಂಪ್ಯೂಟರಿಗೆ ಎಸ್‌ಎಸ್‌ಡಿ ಬೇಕೇ ಬೇಕಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಡೇಟಾ ಇಡುವ ಡ್ರೈವ್) ಬಗ್ಗೆಯೇ ಇವೆ. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನ್ನದು ರೈಜೆನ್ 5 3600 ಪ್ರೊಸೆಸರ್, ಜಿಟಿಎಕ್ಸ್ 1660 ಸೂಪರ್ ಕಾರ್ಡ್, 16 ಜಿಬಿ ರ‍್ಯಾಮ್ ಇರುವ ಅಸೆಂಬಲ್ಡ್ ಕಂಪ್ಯೂಟರ್. ಮದರ್‌ಬೋರ್ಡ್ ಬಿ450. ಈಗಲೂ ಎಲ್ಲ ಗೇಮ್ 1 ಟಿಬಿ ಹಾರ್ಡ್ ಡಿಸ್ಕ್‌ನಲ್ಲೇ ಇವೆ. ಎಸ್‌ಎಸ್‌ಡಿ ಹಾಕಿಸಿದರೆ ಎಫ್‌ಪಿಎಸ್ ಏರುತ್ತಾ? ಆ ದುಡ್ಡು ಎತ್ತಿಟ್ಟು ಮುಂದೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ತಗೋ ಅಂತ ಗೆಳೆಯರು ಹೇಳುತ್ತಾರೆ. (ಹಾಸನದ ಕಾಲೇಜು ವಿದ್ಯಾರ್ಥಿ)

ಉತ್ತರ: ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ತೆರೆಯ ಮೇಲೆ ಮೂಡುವ ಫ್ರೇಮ್‌ಗಳ (ಚಿತ್ರಗಳ) ಲೆಕ್ಕ, ಏರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದೊಂದೇ ಆಸೆಗೆ ಕೊಂಡವರು ಆಮೇಲೆ ಬೇಜಾರು ಮಾಡಿಕೊಳ್ಳುತ್ತಾರೆ. ಗೇಮ್ ಶುರುವಾಗುವಾಗ ಡಿಸ್ಕ್‌ನಿಂದ ಡೇಟಾ ರ‍್ಯಾಮ್‌ಗೆ ಬರುತ್ತದೆ, ಅಲ್ಲಿಂದ ಗ್ರಾಫಿಕ್ಸ್ ಕಾರ್ಡಿನ ಮೆಮೊರಿಗೆ ಹೋಗುತ್ತದೆ. ಆಮೇಲೆ ಒಂದೊಂದು ಫ್ರೇಮ್ ಬಿಡಿಸುವುದು ಕಾರ್ಡ್ ಮತ್ತು ಪ್ರೊಸೆಸರ್ ಕೆಲಸ. ನೀವು ಕೌಂಟರ್-ಸ್ಟ್ರೈಕ್ ಅಥವಾ ವ್ಯಾಲೊರಂಟ್ ಅಷ್ಟೇ ಆಡುವುದಾದರೆ, ಮ್ಯಾಪ್ ಒಮ್ಮೆ ಲೋಡ್ ಆದ ಮೇಲೆ ಹಾರ್ಡ್ ಡಿಸ್ಕ್ ಇದ್ದರೂ ಒಂದೇ, ಎಸ್‌ಎಸ್‌ಡಿ ಇದ್ದರೂ ಒಂದೇ.

ಹಾಗಂತ ಸುಮ್ಮನಿರಬೇಡಿ, ಹಾಕಿಸಿ. ನಿಮ್ಮ ಕಂಪ್ಯೂಟರಿಗೆ ಈಗ ಮೊದಲು ಬೇಕಾಗಿರುವುದು ಅದೇ.

ಹಾರ್ಡ್ ಡಿಸ್ಕ್ ಒಳಗೆ ಏನಾಗುತ್ತದೆ ನೋಡಿ. ಅದರ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮುಂಚೆ ಹೆಡ್ ಹಿಡಿದ ತೋಳು ಸರಿಯಾದ ಟ್ರ್ಯಾಕ್‌ಗೆ ಸರಿಯಬೇಕು, ಅದಕ್ಕೆ ಇನ್ನೊಂದು ಎಂಟೊಂಬತ್ತು ಮಿಲಿಸೆಕೆಂಡ್. ಒಟ್ಟು ಹನ್ನೆರಡು, ಹದಿಮೂರು ಮಿಲಿಸೆಕೆಂಡ್ ಒಂದೇ ಒಂದು ತುಣುಕು ಹುಡುಕುವುದಕ್ಕೆ. 60 ಎಫ್‌ಪಿಎಸ್‌ನಲ್ಲಿ ಒಂದು ಫ್ರೇಮ್‌ಗೆ ಸಿಗುವ ಸಮಯವೇ 16.7 ಮಿಲಿಸೆಕೆಂಡ್! ಎಸ್‌ಎಸ್‌ಡಿಯಲ್ಲಿ ತಿರುಗುವುದು, ಸರಿಯುವುದು ಏನೂ ಇಲ್ಲ. ಅದೇ ತುಣುಕು ಸುಮಾರು 0.1 ಮಿಲಿಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆಯಲ್ಲಿ ಕೈಗೆ ಸಿಗುತ್ತದೆ.

ದೊಡ್ಡ ಓಪನ್ ವರ್ಲ್ಡ್ ಗೇಮ್‌ಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಊರಿಡೀ ಒಂದೇ ಸಲ ಲೋಡ್ ಆಗಿರುವುದಿಲ್ಲ, ನೀವು ಕಾರು ಓಡಿಸುತ್ತಾ ಹೋದ ಹಾಗೆ ಮುಂದಿನ ಬೀದಿಯನ್ನು ಡಿಸ್ಕ್‌ನಿಂದ ಎಳೆದುಕೊಳ್ಳುತ್ತಿರುತ್ತದೆ. ಡಿಸ್ಕ್ ಹಿಂದೆ ಬಿದ್ದರೆ ಗೋಡೆಗಳೆಲ್ಲ ಕಲಸಿದ ಹಾಗೆ ಮಸುಕಾಗಿ ಕಾಣುತ್ತವೆ, ಮುಂದಿನ ಬಿಲ್ಡಿಂಗ್ ತಡವಾಗಿ ಮೂಡುತ್ತದೆ, ಇಲ್ಲವೇ ಆಟ ಅರ್ಧ ಸೆಕೆಂಡ್ ತಡೆದು ನಿಲ್ಲುತ್ತದೆ. ಎಫ್‌ಪಿಎಸ್ ಸರಾಸರಿ ಚೆನ್ನಾಗಿಯೇ ಇರುತ್ತದೆ, ಆಡುವವನಿಗೆ ಮಾತ್ರ ಹಿಂಸೆ. ಎಸ್‌ಎಸ್‌ಡಿ ಹಾಕಿದರೆ ಈ ಥರದ ತಡೆ ಬಹಳ ಮಟ್ಟಿಗೆ ಹೋಗುತ್ತದೆ.

ಇನ್ನೊಂದು ವಿಷಯ. 2023ರಲ್ಲಿ ಬಂದ ಬಾಲ್ಡರ್ಸ್ ಗೇಟ್ 3, ಸ್ಟಾರ್‌ಫೀಲ್ಡ್ ಎರಡೂ ಕನಿಷ್ಠ ಅಗತ್ಯದ ಪಟ್ಟಿಯಲ್ಲೇ ಎಸ್‌ಎಸ್‌ಡಿ ಬೇಕು ಅಂತ ಬರೆದಿವೆ. ಸೈಬರ್‌ಪಂಕ್ 2077 ಕೂಡ 2023ರ ಸೆಪ್ಟೆಂಬರ್‌ನ 2.0 ಅಪ್‌ಡೇಟ್ ಹೊತ್ತಿಗೆ ಹಾರ್ಡ್ ಡಿಸ್ಕ್ ಕೈಬಿಟ್ಟಿತು. 2020ರ ಕೊನೆಯಲ್ಲಿ ಬಂದ ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್ ಎರಡರಲ್ಲೂ ಎಸ್‌ಎಸ್‌ಡಿಯೇ ಇರುವುದರಿಂದ, ಗೇಮ್ ಮಾಡುವವರು ಈಗ ಆ ವೇಗವನ್ನು ನಂಬಿಕೊಂಡೇ ಮಾಡುತ್ತಾರೆ. ಇದು ಹಿಂದಕ್ಕೆ ಹೋಗುವ ಮಾತಲ್ಲ.

ಗೆಳೆಯರ ಮಾತಿಗೆ ಬರೋಣ. ನಿಮ್ಮಲ್ಲಿ ಈಗಾಗಲೇ ಯಾವುದಾದರೂ ಎಸ್‌ಎಸ್‌ಡಿ ಇದ್ದಿದ್ದರೆ ಅವರು ಹೇಳಿದ್ದೇ ಸರಿ ಅನ್ನುತ್ತಿದ್ದೆ. ಇಲ್ಲವಲ್ಲ! 1660 ಸೂಪರ್‌ಗಿಂತ ನಿಜವಾಗಿ ಮೇಲಿನ ಕಾರ್ಡಿಗೆ ಎಸ್‌ಎಸ್‌ಡಿಯ ಎಷ್ಟೋ ಪಟ್ಟು ದುಡ್ಡು ಬೇಕು. ಅಷ್ಟು ಕೂಡುವ ತನಕ ಇದೇ ಹಾರ್ಡ್ ಡಿಸ್ಕ್‌ನಲ್ಲಿ ಒದ್ದಾಡುವುದು ಯಾಕೆ? ಗೇಮ್ ಬಿಡಿ, ವಿಂಡೋಸ್ ಆನ್ ಆಗುವುದು, ಬ್ರೌಸರ್ ತೆರೆಯುವುದು, ಅಪ್‌ಡೇಟ್ ಆಗುವುದು ಎಲ್ಲವೂ ಹಗುರಾಗುತ್ತದೆ. ನಾಳೆ ಹೊಸ ಕಂಪ್ಯೂಟರ್ ಕಟ್ಟಿಸಿದರೂ ಇದೇ ಎಸ್‌ಎಸ್‌ಡಿ ಅದಕ್ಕೂ ಆಗುತ್ತದೆ.

ಪ್ರಶ್ನೆ: ಅಂಗಡಿಯವರು ಸೆಕೆಂಡಿಗೆ 7000 ಎಂಬಿ ವೇಗದ ಜೆನ್4 ಎನ್‌ವಿಎಂಇ ತಗೊಳ್ಳಿ, ಗೇಮ್‌ಗೆ ಅದೇ ಬೇಕು ಅನ್ನುತ್ತಿದ್ದಾರೆ. ಸಾಟಾ ಸಾಕಾಗಲ್ವಾ? (ಹುಬ್ಬಳ್ಳಿ)

ಉತ್ತರ: ಸಾಟಾ, ಎನ್‌ವಿಎಂಇ ಅಂದರೆ ಎಸ್‌ಎಸ್‌ಡಿ ಕಂಪ್ಯೂಟರ್ ಜೊತೆ ಮಾತಾಡುವ ಎರಡು ಬಗೆ; ಸಾಟಾ ಹಳೆಯದು, ಎನ್‌ವಿಎಂಇ ಹೊಸದು. ಜೆನ್3, ಜೆನ್4 ಅನ್ನುವುದು ಎನ್‌ವಿಎಂಇ ತಲೆಮಾರು. ಡಬ್ಬಿಯ ಮೇಲಿನ ಅಂಕಿ ಸುಳ್ಳಲ್ಲ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, ಜೆನ್3 ಎನ್‌ವಿಎಂಇ 3500ರ ಹತ್ತಿರ, ಜೆನ್4 ಒಳ್ಳೆಯದಾದರೆ 7000. ಆದರೆ ಅದು ಒಂದೇ ದೊಡ್ಡ ಫೈಲನ್ನು ಸತತವಾಗಿ ಓದುವಾಗಿನ ವೇಗ. ಗೇಮ್ ಓದುವುದು ಸಾವಿರಾರು ಸಣ್ಣ ತುಣುಕು. ಅವೂ ಕಂಪ್ರೆಸ್ ಆಗಿರುತ್ತವೆ, ಪ್ರೊಸೆಸರ್ ಕೂತು ಅವನ್ನು ಬಿಡಿಸಬೇಕು. ಹಾರ್ಡ್ ಡಿಸ್ಕ್‌ನಿಂದ ಸಾಟಾಗೆ ಬಂದಾಗ ಅಜಗಜಾಂತರ. ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಹೆಚ್ಚಿನ ಗೇಮ್‌ಗಳಲ್ಲಿ ಒಂದೆರಡು, ಹೆಚ್ಚೆಂದರೆ ಕೆಲವು ಸೆಕೆಂಡ್ ಉಳಿಯುತ್ತದೆ ಅಷ್ಟೇ. ಈ ಅಡಚಣೆ ತಪ್ಪಿಸಲೆಂದೇ ಮೈಕ್ರೋಸಾಫ್ಟ್ 2022ರಲ್ಲಿ ಡೈರೆಕ್ಟ್‌ಸ್ಟೋರೇಜ್ ತಂದಿತು. ಬಿಡಿಸುವ ಕೆಲಸವನ್ನೂ ಗ್ರಾಫಿಕ್ಸ್ ಕಾರ್ಡೇ ಮಾಡುವ ಹಾಗೆ ಆಮೇಲೆ ಸೇರಿಸಿದರು. ಅದನ್ನು ಬಳಸುವ ಗೇಮ್‌ಗಳು ಇನ್ನೂ ಕಡಿಮೆ.

ಹಾಗಾಗಿ ನನ್ನ ಮಾತು ಇಷ್ಟು: ಬೋರ್ಡಿನಲ್ಲಿ ಎಂ.2 ಸ್ಲಾಟ್ (ಪಟ್ಟಿಯಂಥ ಎಸ್‌ಎಸ್‌ಡಿಯನ್ನು ನೇರವಾಗಿ ಕೂರಿಸುವ ಜಾಗ) ಇದ್ದರೆ ಎನ್‌ವಿಎಂಇ ತಗೊಳ್ಳಿ, ಬೆಲೆ ಸಾಟಾಗಿಂತ ದೊಡ್ಡ ವ್ಯತ್ಯಾಸ ಇರುವುದಿಲ್ಲ, ಕೇಬಲ್ ರಗಳೆಯೂ ಇಲ್ಲ. ಮಿಕ್ಕ ದುಡ್ಡನ್ನು ವೇಗಕ್ಕೆ ಹಾಕಬೇಡಿ, ಜಾಗಕ್ಕೆ ಹಾಕಿ. 500 ಜಿಬಿಯ ವೇಗದ ಡ್ರೈವ್‌ಗಿಂತ 1 ಟಿಬಿಯ ಸಾಧಾರಣ ಡ್ರೈವ್ ಮೇಲು. ಬಾಲ್ಡರ್ಸ್ ಗೇಟ್ 3 ಒಂದೇ 150 ಜಿಬಿ ಕೇಳುತ್ತದೆ, ಅಂಥವು ಮೂರು ಹಾಕಿದರೆ 500 ಮುಗಿಯಿತು. ಹಳೆಯ ಬೋರ್ಡಿಗೆ ಜೆನ್4 ಹಾಕಿದರೂ ಕೆಲಸ ಮಾಡುತ್ತದೆ, ಬಿ450 ಥರದ್ದರಲ್ಲಿ ಜೆನ್3 ವೇಗದಲ್ಲಿ ಓಡುತ್ತದೆ. ಜೆನ್5 ಈಗ ಗೇಮ್‌ಗೆ ಬೇಡವೇ ಬೇಡ.

ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಿ. ಎಂ.2 ಆಕಾರದಲ್ಲೇ ಸಾಟಾ ಕೂಡ ಬರುತ್ತದೆ. ಚಿನ್ನದ ಬಣ್ಣದ ಪಿನ್‌ಗಳ ಸಾಲಿನಲ್ಲಿ ಎರಡು ಕಚ್ಚು ಇದ್ದರೆ ಸಾಮಾನ್ಯವಾಗಿ ಸಾಟಾ, ಒಂದೇ ಇದ್ದರೆ ಎನ್‌ವಿಎಂಇ. ಖಾತ್ರಿಗೆ ಲೇಬಲ್ ಓದಿ. ಕೂರಿಸುವಾಗ ಸ್ವಲ್ಪ ಓರೆಯಾಗಿ ಸ್ಲಾಟ್‌ಗೆ ತಳ್ಳಬೇಕು, ಬಿಟ್ಟರೆ ಅದು ಮೇಲಕ್ಕೇ ಎದ್ದು ನಿಲ್ಲುತ್ತದೆ, ಆಮೇಲೆ ಬೆರಳಿನಿಂದ ಒತ್ತಿ ತುದಿಗೆ ಸ್ಕ್ರೂ ಹಾಕಬೇಕು. ಆ ಸ್ಕ್ರೂ ಅಕ್ಕಿಕಾಳಿನಷ್ಟು ಚಿಕ್ಕದು. ಅದು ಬರುವುದು ಬಹುಮಟ್ಟಿಗೆ ಮದರ್‌ಬೋರ್ಡ್ ಡಬ್ಬಿಯಲ್ಲಿ, ಎಸ್‌ಎಸ್‌ಡಿ ಜೊತೆ ಅಲ್ಲ. ಡಬ್ಬಿ ಮನೆಯಲ್ಲಿದ್ದರೆ ಇವತ್ತೇ ಹುಡುಕಿಟ್ಟುಕೊಳ್ಳಿ.

ಪ್ರಶ್ನೆ: ಎಸ್‌ಎಸ್‌ಡಿ ಹಾಕಿದ ಮೇಲೂ ಕೆಲವು ಗೇಮ್ ಲೋಡ್ ಆಗಲು ತುಂಬಾ ಹೊತ್ತು ಹಿಡಿಯುತ್ತದೆ. ಡ್ರೈವ್ ಸರಿಯಿಲ್ವಾ? (ಶಿವಮೊಗ್ಗ)

ಉತ್ತರ: ಡ್ರೈವ್ ಮೇಲೆ ಅನುಮಾನ ಪಡುವ ಮುಂಚೆ ಜಿಟಿಎ ಆನ್‌ಲೈನ್ ಕಥೆ ಕೇಳಿ. ಅದು ಲೋಡ್ ಆಗಲು ವರ್ಷಗಟ್ಟಲೆ ಜನ ನಿಮಿಷಗಟ್ಟಲೆ ಕಾದರು. 2021ರಲ್ಲಿ ಒಬ್ಬ ಆಟಗಾರ ಒಳಹೊಕ್ಕು ನೋಡಿದ. ಗೇಮ್ ಒಳಗಿನ ಅಂಗಡಿಯ ಸಾಮಾನಿನ ಪಟ್ಟಿ ಇರುವ ಸುಮಾರು 10 ಎಂಬಿಯ ಒಂದು ಫೈಲು, ಅದರಲ್ಲಿ 63 ಸಾವಿರದಷ್ಟು ಐಟಂ. ಒಂದೊಂದು ಐಟಂ ಓದುವಾಗಲೂ ಪ್ರೋಗ್ರಾಂ ಉಳಿದ ಫೈಲಿನ ಉದ್ದವನ್ನು ಕೊನೆಯವರೆಗೂ ಮತ್ತೆ ಅಳೆಯುತ್ತಿತ್ತು. ಅಷ್ಟೂ ಹೊತ್ತು ಪ್ರೊಸೆಸರಿನ ಒಂದೇ ಕೋರ್ ದುಡಿಯುತ್ತಿತ್ತು, ಡಿಸ್ಕ್ ಸುಮ್ಮನೆ ಕೂತಿತ್ತು. ಅವನು ಸರಿಪಡಿಸಿದಾಗ ಲೋಡ್ ಆಗುವ ಸಮಯ ಅವನ ಕಂಪ್ಯೂಟರಿನಲ್ಲಿ ಸುಮಾರು ಶೇ. 70 ಇಳಿಯಿತು. ಆ ಗೇಮ್ ಮಾಡಿದ ರಾಕ್‌ಸ್ಟಾರ್ ಕಂಪನಿ ಅವನಿಗೆ 10,000 ಡಾಲರ್ ಕೊಟ್ಟು, ಮಾರ್ಚ್ ಅಪ್‌ಡೇಟ್‌ನಲ್ಲಿ ಎಲ್ಲರಿಗೂ ಅದನ್ನು ಸರಿಮಾಡಿತು.

ನೀವೂ ನೋಡಬಹುದು. ಲೋಡ್ ಆಗುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಡಿಸ್ಕ್ ಶೇ. 100 ತೋರಿಸುತ್ತಿದ್ದರೆ ಡ್ರೈವ್ ಕಡೆ ನೋಡೋಣ. ಡಿಸ್ಕ್ ಖಾಲಿ ಕೂತು ಪ್ರೊಸೆಸರ್ ಓಡುತ್ತಿದ್ದರೆ ಎಷ್ಟು ವೇಗದ ಎಸ್‌ಎಸ್‌ಡಿ ತಂದರೂ ಉಪಯೋಗವಿಲ್ಲ. ಮೊದಲ ಸಲ ತೆರೆದಾಗ ಶೇಡರ್ ಕಂಪೈಲ್ ಆಗುವುದೂ (ಚಿತ್ರ ಬಿಡಿಸುವ ಸಣ್ಣ ಪ್ರೋಗ್ರಾಂಗಳನ್ನು ನಿಮ್ಮ ಕಾರ್ಡಿಗೆ ತಕ್ಕ ಹಾಗೆ ಸಿದ್ಧ ಮಾಡುವುದು) ಇದೇ ಥರ.

ಪ್ರಶ್ನೆ: ಎಸ್‌ಎಸ್‌ಡಿ ಬೇಗ ಹಾಳಾಗುತ್ತದಂತೆ, ನಿಜವಾ? (ಮಂಗಳೂರು)

ಉತ್ತರ: ಸವೆಯುವುದು ಬರೆದಾಗ. ಗೇಮ್ ಆಡುವಾಗ ಬಹುಪಾಲು ಓದುವುದೇ. ಒಳ್ಳೆಯ ಕಂಪನಿಯ 1 ಟಿಬಿ ಡ್ರೈವ್‌ಗಳು ಹಲವು 600 ಟಿಬಿ ಬರೆಯುವ ತನಕ ಅಥವಾ 5 ವರ್ಷ ವಾರಂಟಿ ಕೊಡುತ್ತವೆ. ದಿನಾ 50 ಜಿಬಿ ಬರೆದರೂ 600 ಟಿಬಿ ತಲುಪಲು ಸುಮಾರು 33 ವರ್ಷ ಬೇಕು. ಆದರೆ ಕೆಟ್ಟರೆ ಹಠಾತ್ತನೆ ಕೆಡಬಹುದು, ಹಾರ್ಡ್ ಡಿಸ್ಕ್ ಥರ ಮೊದಲೇ ಕಟಕಟ ಸದ್ದು ಮಾಡಿ ಎಚ್ಚರಿಸುವುದಿಲ್ಲ. ಮನೆಯ ಫೋಟೊ, ಪ್ರಾಜೆಕ್ಟ್ ಫೈಲು ಇನ್ನೊಂದು ಕಡೆಯೂ ಇರಲಿ.

ಪ್ರಶ್ನೆ: ನಮ್ಮದು ಹಳೆಯ ಎಚ್61 ಬೋರ್ಡ್. ಎಂ.2 ಸ್ಲಾಟ್ ಇಲ್ಲ. ಏನು ಮಾಡುವುದು? (ತುಮಕೂರು)

ಉತ್ತರ: 2.5 ಇಂಚಿನ ಸಾಟಾ ಎಸ್‌ಎಸ್‌ಡಿ ತಗೊಳ್ಳಿ. ಆ ಬೋರ್ಡಿನಲ್ಲಿರುವುದು ಸಾಟಾ 2, ಹಾಗಾಗಿ ಅರ್ಧ ವೇಗವೇ ಸಿಗುತ್ತದೆ. ಹುಡುಕುವ ಸಮಯ ಉಳಿಯುವುದರಿಂದ ಅಷ್ಟಾದರೂ ಹಾರ್ಡ್ ಡಿಸ್ಕ್‌ಗಿಂತ ಎಷ್ಟೋ ಮೇಲು. ಅಡಾಪ್ಟರ್ ಹಾಕಿ ಎನ್‌ವಿಎಂಇ ಹಾಕುವ ಸಾಹಸ ಬೇಡ, ಆ ಕಾಲದ ಬಯಾಸ್‌ಗೆ (ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ಓಡುವ ಬೋರ್ಡಿನ ಪ್ರೋಗ್ರಾಂ) ಅದರಿಂದ ಬೂಟ್ ಮಾಡಲು ಸಾಮಾನ್ಯವಾಗಿ ಬರುವುದಿಲ್ಲ. ಹಳೆಯ ಹಾರ್ಡ್ ಡಿಸ್ಕ್ ಬಿಸಾಡಬೇಡಿ, ಅಪರೂಪಕ್ಕೆ ಆಡುವ ಗೇಮ್ ಅಲ್ಲಿರಲಿ. ಸ್ಟೀಮ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಸ್ಟೋರೇಜ್ ಅಂತ ಇದೆ, ಅಲ್ಲಿಂದ ಒಂದು ಡ್ರೈವ್‌ನಿಂದ ಇನ್ನೊಂದಕ್ಕೆ ಗೇಮ್ ಸಾಗಿಸಬಹುದು. ಮತ್ತೆ ಡೌನ್‌ಲೋಡ್ ಮಾಡುವ ಕೆಲಸ ಇಲ್ಲ.